ಐದು ಸಲ ತೆರೆದ ಹಗೇವು

ಜೋಳ ಕೆಡಿಸಿದವಳು ನಾನು. ಮಳೆ ಕೆಡಿಸಲಿಲ್ಲ, ಇಲಿ ಕೆಡಿಸಲಿಲ್ಲ, ಯಾರ ಕಣ್ಣೂ ಬಿದ್ದಿರಲಿಲ್ಲ, ದೇವರು ನನ್ನನ್ನು ಪರೀಕ್ಷೆ ಮಾಡಲೂ ಇಲ್ಲ. ಚಿಂತೆ ತಡೆಯಲಾರದೆ ನಾನೇ ನನ್ನ ಕೈಯಾರೆ ಎರಡು ಮನೆಯ ಜೋಳ ಕೆಡಿಸಿದೆ. ಆಮೇಲೆ ಆ ಚಿಂತೆಯನ್ನು ದೇವರ ಮೇಲೆ ಹಾಕಿದ್ದೂ ನಿಜ. ಆದರೆ ಅದನ್ನು ಮಾಡಿದ್ದು ಶೂರತನದಿಂದಲ್ಲ, ಸುಸ್ತಾಗಿ.

ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಕುರುಗೋಡಿನ ಉಪದೇಶಿ ಯೋಹಾನಪ್ಪನವರು ಹದಿನೆಂಟು ವರ್ಷದಿಂದ ಈ ಕಥೆಯನ್ನು ಬೇರೆ ತರಹ ಹೇಳುತ್ತ ಬಂದಿದ್ದಾರೆ. ಅವರ ಕಥೆಯಲ್ಲಿ ನಾನು ಮೊಣಕಾಲೂರಿ ಕಣ್ಣೀರು ಸುರಿಸುತ್ತೇನೆ, ಮೋಡ ಸರಿಯುತ್ತದೆ, ನೆಲದೊಳಗಿನ ಹಗೇವು ತೆರೆದರೆ ಜೋಳ ಮುತ್ತಿನ ಹಾಗೆ ಹೊಳೆಯುತ್ತದೆ. ಹೋದ ಭಾನುವಾರ, ಈಗ ನಾನಿರುವ ಬಳ್ಳಾರಿಗೆ ಬಂದವರು ನಮ್ಮ ಪ್ರಾರ್ಥನಾ ಮಂದಿರದಲ್ಲೂ ಹೇಳಿದರು. ನಾನು ಮುಂದಿನ ಚಾಪೆಯ ಮೇಲೇ ಕೂತಿದ್ದೆ. ಜನ ತಿರುಗಿ ತಿರುಗಿ ನನ್ನನ್ನು ನೋಡಿದರು. ನಾನು ಸೆರಗಿನ ತುದಿ ನೋಡುತ್ತ ಕೂತೆ. ಮೊಣಕಾಲೂರಿದ್ದು ಸುಳ್ಳು. ಆ ದಿನ ನನ್ನ ಮೊಣಕಾಲಿನ ತನಕ ಕೆಸರಿತ್ತು, ಅಷ್ಟೆ.

ಉಪದೇಶಿ ಹೇಳಿದ್ದನ್ನು ಕೇಳಿಯೂ ಸುಮ್ಮನಿರುತ್ತಿದ್ದೆನೋ ಏನೋ. ಮನೆಗೆ ಬಂದ ಮೇಲೆ ಸೊಸೆ ಕೆಣಕಿದಳು. ನನ್ನ ಮಗ ಕೌಲ್ ಬಜಾರಿನ ಸಾಲೆಯಲ್ಲಿ ಮೇಷ್ಟರು. ಅವನ ಮನೆಯಲ್ಲೇ ಈಗ ನನ್ನ ಊಟ, ನಿದ್ದೆ, ಕೆಮ್ಮು. ಸೊಸೆ ಒಳ್ಳೆಯವಳು, ಆದರೆ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ. ನನಗೆ ಮುಚ್ಚಳ ಕಂಡರೆ ಕೈ ತಡೆಯುವುದಿಲ್ಲ. ಬೇಳೆ ಬೆಂದಿತೋ ಇಲ್ಲವೋ, ಅನ್ನ ತಳ ಹಿಡಿಯಿತೋ ಏನೋ ಅಂತ ತೆಗೆದು ನೋಡುತ್ತೇನೆ. ಅವತ್ತೂ ನೋಡಿದೆ.

"ಅತ್ತಿ, ಕೈ ತಗೀರಿ. ನೀವು ನೋಡಿದ್ರ ಬ್ಯಾಳಿ ನಾಚಿಕೊಂಡು ಬೇಯಂಗಿಲ್ಲ."

"ನೋಡಲಿಲ್ಲಾಂದ್ರ ಹೆಂಗ ಗೊತ್ತಾಗಬೇಕು?"

"ಉಪದೇಶೇರು ಈಗ ತಾನ ಹೇಳಿದ್ರಲ್ರಿ, ನೀವು ಚಿಂತೀನ ಗೆದ್ದೀರಂತ. ಬ್ಯಾಳಿ ಮುಂದ ಸೋತೀರೇನು?"

ಗೆದ್ದವರು ಮುಚ್ಚಳ ತೆಗೆಯುವುದಿಲ್ಲ. ಎದ್ದು ಹೊರಗೆ ಬಂದು ಕೂತೆ.

ನಾನು ಹೀಗೆ ನೋಡಿ ನೋಡಿ ಕೆಡಿಸಿದ ಪದಾರ್ಥಗಳು ಬಹಳ. ಚಿಕ್ಕವಳಿದ್ದಾಗ ಹಿತ್ತಲಲ್ಲಿ ಅವರೆ ಬೀಜ ಹಾಕಿ ದಿನಾ ಬೆಳಿಗ್ಗೆ ಕೆದಕಿ ನೋಡುತ್ತಿದ್ದೆ. ಒಂದೂ ಹುಟ್ಟಲಿಲ್ಲ. ಕಾವಿಗೆ ಕೂತ ಕೋಳಿಯನ್ನು ಎತ್ತಿ ಮೊಟ್ಟೆ ನೋಡಿ, ಅದು ಕುಟುಕಿದ ಗುರುತು ಎಡಗೈ ಮೇಲೆ ಇನ್ನೂ ಇದೆ. ಉಪ್ಪಿನಕಾಯಿಯ ವಿಷಯ ಬೇಡ.

ನನ್ನ ತವರು ಸಿರುಗುಪ್ಪ. ನೀರಿನ ಊರು. ಕಾಲುವೆಯ ನೀರು ಹಗಲೂ ರಾತ್ರಿ ಹರಿಯುತ್ತಿತ್ತು. ಬೇರೆ ಊರಿಗೆ ಹೋದರೆ ಆ ಸದ್ದಿಲ್ಲದೆ ನಮಗೆ ನಿದ್ದೆ ಬರುತ್ತಿರಲಿಲ್ಲ. ಅಪ್ಪ ನಾನು ಐದು ವರ್ಷದವಳಿದ್ದಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ದೀಕ್ಷಾಸ್ನಾನ ತೆಗೆದುಕೊಂಡ. ಈರಮ್ಮ ಆಗಿದ್ದವಳು ರಾಹೇಲಮ್ಮ ಆದೆ. ಮಿಷನ್ನಿನ ದೊರಸಾನಿಯ ಸಾಲೆಯಲ್ಲಿ ಎರಡು ವರ್ಷ ಓದಿದೆ. ಆಮೇಲೆ ತಮ್ಮನನ್ನು ಆಡಿಸುವವರು ಬೇಕಾಯಿತು, ಓದು ಅಲ್ಲಿಗೆ ನಿಂತಿತು.

ನಮ್ಮ ಮನೆಯಲ್ಲಿ ಭತ್ತ ಇರುತ್ತಿದ್ದದ್ದು ನಡುಮನೆಯ ಕಣಜದಲ್ಲಿ. ಬಿದಿರಿನಿಂದ ಹೆಣೆದು ಸೆಗಣಿ ಸಾರಿಸಿದ ಕಣಜ. ಅದರ ಹಿಂದೆ ಅಡಗಿ ಕಣ್ಣುಮುಚ್ಚಾಲೆ ಆಡುತ್ತಿದ್ದೆವು. ಅವ್ವ ಆ ಕಡೆ ಈ ಕಡೆ ಓಡಾಡುವಾಗ ಬೆರಳ ಗೆಣ್ಣಿನಿಂದ ಅದಕ್ಕೊಂದು ಬಡಿತ ಕೊಡುತ್ತಿದ್ದಳು. ದಪ್ಪ ಸದ್ದು ಬಂದರೆ ತುಂಬಿದೆ, ಟೊಳ್ಳು ಸದ್ದು ಬಂದರೆ ಇಳಿದಿದೆ. ಬಡಿದು, ಕೇಳಿ, ಸಮಾಧಾನವಾಗಿ ಒಲೆಯ ಕಡೆ ಹೋಗುವಳು. ನಾನು ಕಲಿತ ಮನೆವಾರ್ತೆ ಅದು. ಕಾಳು ಕಣ್ಣ ಮುಂದೆ ಇರಬೇಕು, ಬಡಿದರೆ ಉತ್ತರ ಕೊಡಬೇಕು.

ಕೊಟ್ಟದ್ದು ಕುರುಗೋಡಿಗೆ. ಬಂಡೆಗುಡ್ಡದ ಬುಡ, ಸುತ್ತ ಎರೆಹೊಲ, ಜೋಳ, ಹತ್ತಿ. ಅಲ್ಲಿ ಕಾಳನ್ನು ಮನೆಯಲ್ಲಿ ಇಡುವುದಿಲ್ಲ, ನೆಲದಲ್ಲಿ ಹೂಳುತ್ತಾರೆ. ಗಟ್ಟಿ ನೆಲದಲ್ಲಿ ಬಾವಿಯ ಹಾಗೆ ತೋಡಿ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು ಮಾಡಿ, ಒಳಗೆ ಸುತ್ತಲೂ ಜೋಳದ ದಂಟು, ಒಣಹುಲ್ಲು ಹೊಂದಿಸುತ್ತಾರೆ. ಕಾಳು ಸುರಿದು, ಮೇಲೆ ಹುಲ್ಲು ಒತ್ತಿ, ಚಪ್ಪಡಿ ಕಲ್ಲು ಮುಚ್ಚಿ, ತುಳಿದು ಹದ ಮಾಡಿದ ಮಣ್ಣು ಮೆತ್ತುತ್ತಾರೆ. ಅದೇ ಹಗೇವು. ಗಾಳಿ ಆಡದಿದ್ದರೆ ಒಳಗಿನ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಗಾಳಿ ಆಡಿತೋ, ಮುಗಿಯಿತು.

ಮದುವೆಯಾದ ವರ್ಷ ಇದನ್ನು ನೋಡಿ ನಾನು ಅತ್ತೆಯನ್ನು ಕೇಳಿದ್ದೆ: "ಸತ್ತವರನ್ನ ಹೂಳ್ತಾರ. ಕಾಳು ಏನ್ ಪಾಪ ಮಾಡೈತ್ರಿ?"

ಅತ್ತೆ ಹೇಳಿದ್ದರು: "ಸಿರಗುಪ್ಪದಾಕಿ, ನಿನ್ನ ಬಾಯೂ ಹಂಗ ಮುಚ್ಚಿ ಮಣ್ಣು ಮೆತ್ತಿದ್ರ ಚೆಂದಿತ್ತು ನೋಡು."

ಅತ್ತೆಯ ಬಗ್ಗೆ ಒಂದು ಮಾತು. ಮಗ ಕ್ರಿಸ್ತನನ್ನು ನಂಬಿದರೂ ಅವರು ನಂಬಲಿಲ್ಲ. ಪಾದ್ರಿ ದೊರೆ ಖುದ್ದಾಗಿ ಬಂದು ಕೇಳಿದಾಗ, "ನನ್ನ ದೇವ್ರಿಗೂ ನನ್ನಂಗ ವಯಸ್ಸಾಗೈತ್ರಿ. ಈಗ ಕೈ ಬಿಟ್ರ ಎಲ್ಲಿಗೆ ಹೋದೀತು ಅದು?" ಅಂದುಬಿಟ್ಟರು. ದೊರೆ ನಕ್ಕು ಎದ್ದು ಹೋದರು. ನಾನು ದಿನಾ ಎರಡು ಹೊತ್ತು ಪ್ರಾರ್ಥನೆ ಮಾಡುವವಳು, ಅತ್ತೆ ಮೂಲೆಯ ಕಲ್ಲಿಗೆ ಕುಂಕುಮ ಇಡುವವರು. ಒಂದೇ ಒಲೆ.

ಜೋಳ ಕೆಟ್ಟ ವರ್ಷಕ್ಕೆ ದೊಡ್ಡ ಬರ ಹೋಗಿ ಮೂರು ವರ್ಷವಾಗಿತ್ತು. ಆ ಬರದಲ್ಲಿ ನನ್ನ ನಡುವಿನ ಮಗ ಹೋದ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರ ಹೋಯಿತು, ಮಳೆ ಬಂತು, ಜೋಳ ಆಳೆತ್ತರ ಬೆಳೆಯಿತು, ನನ್ನೊಳಗಿನದು ಮಾತ್ರ ಹೋಗಲಿಲ್ಲ. ನಡೆಯುತ್ತ ನಡೆಯುತ್ತ ಕಾಳು ಎಲ್ಲಿದೆ, ಎಷ್ಟಿದೆ, ಯಾರು ಮುಟ್ಟಿದರು ಅನ್ನುವುದೇ ಯೋಚನೆ. ಒಂದು ಭಾನುವಾರ ಯೋಹಾನಪ್ಪನವರು ಆಕಾಶದ ಹಕ್ಕಿಗಳ ಉಪದೇಶ ಮಾಡಿದರು. ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ತಂದೆ ಅವಕ್ಕೆ ಉಣಿಸುತ್ತಾನೆ ಅಂತ. ಹೊರಗೆ ಬಂದ ಮೇಲೆ ನಾನು ಕೇಳಿದೆ:

"ಹಕ್ಕಿ ಬಿತ್ತಂಗಿಲ್ಲ ಖರೆ. ನಾವು ಬಿತ್ತಿದ್ದು ತಿಂತೈತಲ್ರಿ ಅದು. ನಾವೂ ಹಕ್ಕಿ ಆಗಿ ಕುಂತ್ರ ಇಬ್ಬರೂ ಯಾರ ಹೊಲಕ್ಕ ಹೋಗೂಣು?"

ಉಪದೇಶಿಗಳು ಕೊಡೆ ಬಿಚ್ಚಿ, "ರಾಹೇಲಮ್ಮ, ನೀವು ಪ್ರಾರ್ಥನಿ ಮಾಡ್ರಿ" ಅಂದರು. ಉತ್ತರ ಬಾರದಾಗ ಅವರು ಹೇಳುವ ಮಾತು ಅದೇ.

ಪ್ರಾರ್ಥನೆ ಮಾಡುತ್ತಿರಲಿಲ್ಲವೇ? ಮಾಡುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ನನ್ನ ಪ್ರಾರ್ಥನೆ, ಹೊಲ ಕಾಯುವ ಆಳಿಗೆ ಗೌಡತಿ ಕೊಡುವ ಅಪ್ಪಣೆಯ ಹಾಗಿತ್ತು. ಮೂಡಲ ಕಡೆ ಇಲಿ ಬಿಲ ಇದೆ, ನೋಡಿಕೋ. ಗುಡ್ಡದ ನೀರು ಈ ಕಡೆ ಬಾರದ ಹಾಗೆ ನೋಡಿಕೋ. ಕಳ್ಳರನ್ನು ನೋಡಿಕೋ. ಎಲ್ಲ ಹೇಳಿ ಮುಗಿಸಿ, ಆಮೆನ್ ಅಂದು, ಆಳು ಎಚ್ಚರವಾಗಿದ್ದಾನೋ ಇಲ್ಲವೋ ಅಂತ ನಾನೇ ಎದ್ದು ಹೋಗಿ ನೋಡಿ ಬರುತ್ತಿದ್ದೆ.

ಆ ವರ್ಷದ ಹಗೇವು ನಮ್ಮ ಮನೆಯ ಮುಂದೆ, ಪಕ್ಕದ ಮನೆಯ ಸಾರವ್ವನ ಗೋಡೆಗೆ ಹೊಂದಿಕೊಂಡು ಇತ್ತು. ಸಾರವ್ವ ನಮ್ಮ ಸಭೆಯವಳೇ, ಗಂಡ ಇಲ್ಲ, ಮೂರು ಹೆಣ್ಣುಮಕ್ಕಳು. ಅವಳ ಹೊಲವನ್ನೂ ನಮ್ಮ ಯಜಮಾನರೇ ಉತ್ತು ಬಿತ್ತಿದ್ದರು. ಎರಡು ಮನೆಯ ಜೋಳವೂ ಒಂದೇ ಹಗೇವಿನಲ್ಲಿ. ಮಹಾನವಮಿ ತನಕ ಉಣ್ಣಲು ಮನೆಯ ಗುಡಾಣದಲ್ಲಿ ಬೇರೆ ಇಟ್ಟುಕೊಂಡಿದ್ದೆವು. ಅಲ್ಲಿಂದಾಚೆ ಸುಗ್ಗಿ ಬರುವ ತನಕ ಒಂಬತ್ತು ಹೊಟ್ಟೆಗೆ ಆ ಹಗೇವಿನದೇ ಗತಿ. ಮುಚ್ಚಿದವನು ಮೌಲಾಸಾಬ. ಕುರುಗೋಡಿನಲ್ಲಿ ಹಗೇವು ತೋಡುವುದು, ಮುಚ್ಚುವುದು ಅವನ ಅಪ್ಪನ ಕಾಲದಿಂದ ಅವರ ಮನೆಯ ಕೆಲಸ. ಮಣ್ಣು ಮೆತ್ತಿ, ಕೈ ತೊಳೆದು, ಅವನು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದ: "ಇನ್ನ ಇದು ನಿಮ್ಮದಲ್ಲ, ಮಣ್ಣಿಂದು. ಮಾನಮಿ ತನಕ ಇದರ ಹೆಸರು ತಗೀಬ್ಯಾಡ್ರಿ."

ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಯಜಮಾನರು ನನ್ನ ಅಣ್ಣನ ಗದ್ದೆ ಉಳಲು ಎತ್ತು ಹೊಡೆದುಕೊಂಡು ಸಿರುಗುಪ್ಪಕ್ಕೆ ಹೋಗಿದ್ದರು. ಮೂರು ದಿನ ಮಳೆ ಬಿಡಲಿಲ್ಲ. ನಾನು ಬಾಗಿಲಲ್ಲಿ ನಿಂತು ಹಗೇವಿನ ಮೇಲೆ ಬೀಳುವ ಹನಿಯನ್ನೇ ನೋಡುತ್ತಿದ್ದೆ.

"ಅತ್ತಿ, ಒಳಗ ನೀರು ಇಳದಿದ್ರ?"

"ಇಳದಿದ್ರ ಇಳದಿರ್ತೈತಿ."

"ಒಂದೀಟು ತೆರದು ನೋಡೂಣೇನ್ರಿ?"

"ಹೊಟ್ಟ್ಯಾಗಿನ ಕೂಸನ್ನ ಹೊರಗ ತಗದು, ಚೆಂದೈತೇನು ನೋಡಿ, ಮತ್ತ ಒಳಗ ಇಡ್ತಾರೇನು? ಸುಮ್ನ ಕೂಡು. ದಿನಾ ಎರಡು ಹೊತ್ತು ಕಣ್ಣು ಮುಚ್ಚಾಕಿ ನೀನು, ನಂಬಾಕಿ ನಾನು. ಇದ್ಯಾವ ನ್ಯಾಯ?"

ಮಧ್ಯಾಹ್ನ ಅತ್ತೆ ಉಂಡು ಮಲಗಿದರು. ಮಳೆ ಸ್ವಲ್ಪ ನಿಂತಿತು. ಹಾರೆ ತೆಗೆದುಕೊಂಡು ಹೋಗಿ ಒಂದು ಕಡೆಯ ಮಣ್ಣು ಕೆರೆದೆ, ಚಪ್ಪಡಿಯನ್ನು ನಾಲ್ಕು ಬೆರಳು ಸರಿಸಿ, ಹುಲ್ಲಿನ ಸಂದಿಯಲ್ಲಿ ತೋಳು ತೂರಿಸಿ ಒಂದು ಹಿಡಿ ತೆಗೆದೆ. ಒಣಗಿದ ಕಾಳು, ಬೆಚ್ಚಗಿನ ಒಳ್ಳೆಯ ವಾಸನೆ. ಮತ್ತೆ ಮಣ್ಣು ಮೆತ್ತಿದೆ. ಆ ಸಂಜೆ ಹಾಡು ಹೇಳಿಕೊಂಡು ರೊಟ್ಟಿ ಬಡಿದೆ. ಅತ್ತೆ, "ಏನ, ತವರಿಂದ ಯಾರಾರ ಬಂದಾರೇನು?" ಅಂದರು.

ಆ ಸಮಾಧಾನ ಒಂದು ದಿನ ಉಳಿಯಿತು. ಎರಡನೆಯ ದಿನ ಹೊಸ ಯೋಚನೆ ಹುಟ್ಟಿತು. ಮೆತ್ತಿದವಳು ನಾನು, ಮೌಲಾಸಾಬನಲ್ಲ. ಸರಿಯಾಗಿ ಮೆತ್ತಿದೆನೋ ಇಲ್ಲವೋ? ನೋಡಲು ಹೋದೆ. ಸಿರುಗುಪ್ಪದಲ್ಲಿ ಗೋಡೆಗೆ ಮೆತ್ತುವ ಹಾಗೆ ಮೆತ್ತಿದ್ದೆ, ಬಿರುಕು ಬಿಟ್ಟಿತ್ತು. ಬಿರುಕು ಬಿಟ್ಟಿದ್ದರೆ ಒಳಗೆ ಏನಾಗಿದೆಯೋ? ತೆರೆದೆ. ಏನೂ ಆಗಿರಲಿಲ್ಲ. ಮುಚ್ಚಿದೆ. ಮೂರನೆಯ ಸಲ ತೆರೆದದ್ದು, ಎರಡನೆಯ ಸಲ ತೆರೆದಾಗ ಕೈ ಒದ್ದೆಯಿತ್ತಲ್ಲ ಅಂತ ನೆನಪಾಗಿ. ನಾಲ್ಕನೆಯ ಸಲಕ್ಕೆ ಕಾರಣ ಬೇಕಾಗಲಿಲ್ಲ, ಕೈಗೇ ದಾರಿ ಗೊತ್ತಾಗಿತ್ತು. ಅವತ್ತು ಹುಲ್ಲು ತಣ್ಣಗೆ ಅಂಟಿತು.

ಐದನೆಯ ಸಲ ಚಪ್ಪಡಿ ಸರಿಸುತ್ತಿದ್ದ ಹಾಗೇ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಹಿಡಿಯಲ್ಲಿ ಬಂದದ್ದು ಕಾಳಲ್ಲ, ಕಪ್ಪು ಮುದ್ದೆ.

ಆಗ ನಾನು ಅಲ್ಲೇ ನಿಲ್ಲಿಸಿ ಮೌಲಾಸಾಬನನ್ನು ಕರೆಯಬಹುದಿತ್ತು. ಅವನ ಮನೆ ಇದ್ದದ್ದು ಮೂರು ಮನೆ ಆಚೆ. ಕರೆಯಲಿಲ್ಲ. ಕರೆದರೆ ನಾನು ತೆರೆದದ್ದು ಊರಿಗೆ ಗೊತ್ತಾಗುತ್ತಿತ್ತು. ಮೇಲಿನದು ಕೆಟ್ಟಿದೆ, ಕೆಳಗಿನದು ಹೇಗಿದೆಯೋ, ಅದೊಂದನ್ನು ನೋಡಿಬಿಡೋಣ ಅಂತ ಚಪ್ಪಡಿಯನ್ನು ಪೂರ್ತಿ ಉರುಳಿಸಿ, ಸೀರೆ ಎತ್ತಿ ಕಟ್ಟಿಕೊಂಡು ಒಳಗೆ ಇಳಿದೆ. ಜೋಳದ ಮೇಲೆ ನಿಂತರೆ ಹಗೇವಿನ ಬಾಯಿ ನನ್ನ ಸೊಂಟಕ್ಕೆ ಬರುತ್ತಿತ್ತು. ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಕೆದಕತೊಡಗಿದೆ. ಕುರುಗೋಡಿನ ಚಿಕ್ಕ ಕೂಸಿಗೂ ಗೊತ್ತಿರುವ ಮಾತು, ತೆರೆದ ಹಗೇವಿಗೆ ಒಂದು ದಿನ ಯಾರೂ ಇಳಿಯಬಾರದು, ಒಳಗಿನ ಗಾಳಿ ಕೊಲ್ಲುತ್ತದೆ. ನನಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ. ಕಿವಿಯಲ್ಲಿ ಕಾಲುವೆ ನೀರು ಹರಿದ ಹಾಗೆ ಸದ್ದಾಯಿತು, ಇದೇನು, ಸಿರುಗುಪ್ಪಕ್ಕೆ ಬಂದೆನೇ ಅಂದುಕೊಂಡೆ. ಅಷ್ಟೇ ಗೊತ್ತು.

ಮುಂದಿನದು ಅತ್ತೆ ಹೇಳಿದ್ದು. ಕೆಮ್ಮು ಬಂದು ಎಚ್ಚರವಾಗಿ, ನೀರು ಕುಡಿಯಲು ಎದ್ದವರು ಹೊರಗೆ ನೋಡಿದರೆ ಚಪ್ಪಡಿ ಒಂದು ಕಡೆ, ಹಾರೆ ಒಂದು ಕಡೆ. ಓಡಿ ಬಂದು ಬಗ್ಗಿ, ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ನನ್ನ ತುರುಬು. ಅದನ್ನು ಎರಡೂ ಕೈಗೆ ಸುತ್ತಿಕೊಂಡು, ತಲೆ ಒಳಗೆ ಮುಳುಗದ ಹಾಗೆ ಮೇಲಕ್ಕೆತ್ತಿ ಹಿಡಿದು, "ಮೌಲಾ! ಲೇ ಮೌಲಾ! ಬಾರೋ!" ಅಂತ ಕೂಗಿದರು. ಮೌಲಾಸಾಬ ಬಂದು ಉಸಿರು ಬಿಗಿಹಿಡಿದು, ರಟ್ಟೆಗೆ ಕೈ ಹಾಕಿ ಎಳೆದು ಅಂಗಳದಲ್ಲಿ ಮಲಗಿಸಿದನಂತೆ.

ಕಣ್ಣು ಬಿಟ್ಟಾಗ ಮುಖದ ಮೇಲೆ ಮಳೆ ಹನಿಯುತ್ತಿತ್ತು.

"ಲೇ, ಸತ್ತೇನು?" ಅಂದರು ಅತ್ತೆ.

"ಇಲ್ರಿ ಅತ್ತಿ."

"ಹಂಗಾರ ಎದ್ದು ಕೂಡು. ನಿನ್ನ ಅರ್ಧ ತಲಿ ನನ್ನ ಕೈಯಾಗ ಬಂದೈತಿ ನೋಡು." ನಿಜವಾಗಿಯೂ ಅವರ ಕೈಯಲ್ಲಿ ಒಂದು ಹಿಡಿ ಕೂದಲಿತ್ತು. ಅದನ್ನು ಎಸೆಯದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮೌಲಾಸಾಬ ಹಗೇವಿನ ಬಾಯಿಯ ಸುತ್ತ ನಾನು ಮೆತ್ತಿದ ಮಣ್ಣನ್ನು ಬೆರಳಿನಿಂದ ಬಿಡಿಸಿ ನೋಡುತ್ತಿದ್ದ. ಪದರ ಪದರ ಎದ್ದು ಬಂತು. "ತಂಗಿ, ಇದೇನು ಮೊಸರಿನ ಗಡಿಗಿ ಅಂತ ತಿಳದಿಯೇನು, ದಿನಾ ಮುಚ್ಚಳ ತಗದು ನೋಡಾಕ? ಮೊಸರೂ ಹಂಗ ಮಾಡಿದ್ರ ಹೆಪ್ಪಾಗಂಗಿಲ್ಲ." ಆಮೇಲೆ ತಲೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಕೂತುಬಿಟ್ಟ. ಬೈಗುಳಕ್ಕಿಂತ ಅವನು ಹಾಗೆ ಕೂತದ್ದೇ ನನಗೆ ಹೆಚ್ಚು ಭಯ ತಂದಿತು. ಅವತ್ತೇ ಸಿರುಗುಪ್ಪದ ಕಡೆ ಹೊರಟವರೊಬ್ಬರ ಕೈಯಲ್ಲಿ ಯಜಮಾನರಿಗೆ ಸುದ್ದಿ ಹೋಯಿತು.

ಸಾರವ್ವನಿಗೆ ನಾನೇ ಹೇಳಬೇಕಿತ್ತು. ಅವಳು ದೊಡ್ಡ ಮಗಳ ಜಡೆ ಹೆಣೆಯುತ್ತ ಕೂತಿದ್ದಳು. ಹೇಳಿದೆ. ಅವಳು ಜಡೆ ಹೆಣೆದು ಮುಗಿಸಿ, ತುದಿಗೆ ದಾರ ಕಟ್ಟಿ, ಮಗಳನ್ನು ಎಬ್ಬಿಸಿ ಕಳಿಸಿದಳು.

"ಎಷ್ಟು ಸಲ ತೆರದಿ?"

"ಐದು."

"ಐದೂ ಸಲ ಒಬ್ಬಾಕೀನ?"

"ಹ್ಞೂಂ."

"ನನಗ್ಯಾಕ ಕರೀಲಿಲ್ಲ?"

"ಕರದ್ರ ಬೈತಿದ್ದಿ."

"ಬೈತಿದ್ದಿಲ್ಲ," ಅಂದಳು ಸಾರವ್ವ. "ನಾನೂ ಬಗ್ಗಿ ನೋಡ್ತಿದ್ದೆ. ನನಗ ನಿದ್ದಿ ಬರ್ತೈತಿ ಅಂತ ತಿಳದಿಯೇನು?" ಆಮೇಲೆ ಅತ್ತಳು. ಅಳುತ್ತ ಅಳುತ್ತ ಬೈದಳು. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ; ದೀಕ್ಷಾಸ್ನಾನಕ್ಕಿಂತ ಮುಂಚೆ ಕಲಿತದ್ದು.

ಯಜಮಾನರು ಮೂರನೆಯ ದಿನ ಬಂದರು. ಎತ್ತಿನ ಹೊಟ್ಟೆಯ ತನಕ ಎರೆಮಣ್ಣು. ಅವರು ಮಾತಿನ ಮನುಷ್ಯರಲ್ಲ. ಅತ್ತೆ ಹೇಳಿದ್ದನ್ನೆಲ್ಲ ನಿಂತೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಜೀವ ಐತೇನು?" ಅಂದರು.

"ಐತ್ರಿ."

"ಹಂಗಾರ ಜೋಳ ನೋಡೂಣು ನಡಿ."

ಮೌಲಾಸಾಬ ಹಗೇವಿನ ಬಾಯಿಗೆ ಗೋಣಿತಟ್ಟಿನ ಮರೆ ಕಟ್ಟಿ ಇಟ್ಟಿದ್ದ. ಒಳಗಿನ ಗಾಳಿ ಸರಿಯಾಗಿದೆಯೋ ನೋಡಲು ದೀಪ ಇಳಿಸಿದ, ಆರಲಿಲ್ಲ. ಒಳಗಿಳಿದು ಕೆಟ್ಟದ್ದನ್ನು ಬುಟ್ಟಿಗೆ ತುಂಬಿ ಕೊಟ್ಟ, ಯಜಮಾನರು ಎತ್ತಿ ಸುರಿದರು. ಒಂದು ಮೊಳ ಕಪ್ಪು. ಅದರ ಕೆಳಗೆ ಬೆಚ್ಚಗೆ, ಒದ್ದೆಯೂ ಅಲ್ಲ ಒಣಗಿಯೂ ಇಲ್ಲ, ಏನೂ ಹೇಳಲಾಗದ ಜೋಳ. ಅಲ್ಲಿಗೆ ಮೌಲಾಸಾಬ ಕೈ ನಿಲ್ಲಿಸಿದ.

"ತಳ ತನಕ ನೋಡಿಬಿಡೂಣ್ರಿ," ಅಂದೆ ನಾನು. "ಇದೊಂದು ಸಲ."

"ತಳ ನೋಡಬೇಕಂದ್ರ ಎಲ್ಲಾ ಹೊರಗ ತಗೀಬೇಕು ತಂಗಿ. ಬಿಸಿಲಿಲ್ಲ, ಒಣಗಿಸಾಕ ಜಾಗ ಇಲ್ಲ. ತಗದ್ರ ಇರೂದೂ ಮೊಳಕಿ ಬರ್ತೈತಿ. ಈಗ ಬೇವಿನ ಸೊಪ್ಪು, ಬೂದಿ, ಒಣಹುಲ್ಲು ಒತ್ತಿ ಮುಚ್ಚಿದ್ರ, ಉಳದಿದ್ರ ಉಳೀತೈತಿ. ಇಲ್ಲಾಂದ್ರ ಇಲ್ಲ. ಮಾನಮಿಗೆ ಗೊತ್ತಾಗ್ತೈತಿ."

ಮಹಾನವಮಿಗೆ ಇನ್ನೂ ಎರಡು ತಿಂಗಳಿತ್ತು.

ಯಜಮಾನರು ಸಾರವ್ವನ ಮುಖ ನೋಡಿದರು. ಸಾರವ್ವ, "ಮುಚ್ಚ್ರಿ" ಅಂದಳು. ಅತ್ತೆ, "ಮುಚ್ಚೋ" ಅಂದರು. ನನ್ನನ್ನು ಯಾರೂ ಕೇಳಲಿಲ್ಲ, ಕೇಳಬಾರದಿತ್ತು ಕೂಡ.

ಆಗ ಬಂದರು ನಮ್ಮ ಯೋಹಾನಪ್ಪನವರು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪುಸ್ತಕ. ಹಗೇವಿನ ಬಾಯಿಯ ಮುಂದೆ ನಿಂತು ಪ್ರಾರ್ಥನೆ ಆರಂಭಿಸಿದರು. ಸೃಷ್ಟಿಯಿಂದ ಹಿಡಿದರು. ಐಗುಪ್ತ ದೇಶದ ತನಕ ಬರುವಷ್ಟರಲ್ಲಿ ಹನಿ ಶುರುವಾಯಿತು. ನಾವೆಲ್ಲ ತಲೆಬಾಗಿ ಕಣ್ಣು ಮುಚ್ಚಿದ್ದೆವು. ಮೌಲಾಸಾಬ ಬೇವಿನ ಸೊಪ್ಪಿನ ಹೊರೆ ಎತ್ತಿಕೊಂಡ.

"ಉಪದೇಶಪ್ಪಾರ, ದೇವ್ರಿಗೆ ಕೇಳಿಸಿರ್ತೈತ್ರಿ. ಮಳಿಗೆ ಕೇಳಿಸಿಲ್ಲ. ಮುಚ್ಚಾಕ ಬಿಡ್ರಿ."

ಅತ್ತೆ ಕಿಸಕ್ಕನೆ ನಕ್ಕರು. ಉಪದೇಶಿಗಳೂ ನಕ್ಕು, ಬೇಗ ಆಮೆನ್ ಅಂದು, ಕೊಡೆಯನ್ನು ಹಗೇವಿನ ಬಾಯಿಗೆ ಹಿಡಿದು ತಾವು ನೆನೆಯುತ್ತ ನಿಂತರು. ಇದನ್ನು ಅವರು ತಮ್ಮ ಕಥೆಯಲ್ಲಿ ಯಾವತ್ತೂ ಹೇಳುವುದಿಲ್ಲ. ಹೇಳಬೇಕಾದ್ದು ಇದೇ ಆಗಿತ್ತು.

ಮಣ್ಣು ತುಳಿಯುವ ಕೆಲಸ ನನ್ನ ಪಾಲಿಗೆ ಬಂತು. ಹಗೇವಿನ ಮಣ್ಣು ಹದಕ್ಕೆ ಬರಬೇಕಾದರೆ ಹುಲ್ಲಿನ ಚೂರು, ಸೆಗಣಿ ಹಾಕಿ ಬಹಳ ಹೊತ್ತು ತುಳಿಯಬೇಕು. ಮೊಣಕಾಲಿನ ತನಕ ಕೆಸರು. ಎತ್ತಿಟ್ಟ ಕಾಲು ಮತ್ತೆ ಎತ್ತಲು ಜೀವ ಹೋಗುತ್ತಿತ್ತು. ಹಗೇವಿನಿಂದ ಎದ್ದು ಮೂರೇ ದಿನವಾಗಿತ್ತು, ತಲೆ ಇನ್ನೂ ಭಾರ. ತುಳಿಯುತ್ತ ತುಳಿಯುತ್ತ, ಮುಚ್ಚಿದ ಮೇಲೆ ಎರಡು ತಿಂಗಳು ಹೇಗೆ ಕಳೆಯುವುದು ಅಂತ ಯೋಚಿಸಲು ನೋಡಿದೆ. ಆಗಲಿಲ್ಲ. ಯೋಚನೆಯ ಕಾಲೂ ಹೂತುಕೊಂಡಿತ್ತು. ಬರದ ವರ್ಷದಿಂದ ಹಗಲೂ ರಾತ್ರಿ ಹೊತ್ತುಕೊಂಡು ತಿರುಗಿದ್ದು ಒಮ್ಮೆಲೇ ತೋಳಿಗೆ, ಸೊಂಟಕ್ಕೆ, ಕುತ್ತಿಗೆಗೆ ಇಳಿಯಿತು. ಬಾಯಿಂದ ಬಂದದ್ದು ಇಷ್ಟೇ:

"ಯಪ್ಪಾ, ನನಗ ಸಾಕಾಗೈತಿ. ಒಳಗಿಂದು ನೀನ ನೋಡಕೋ. ನಾ ಇನ್ನ ನೋಡಂಗಿಲ್ಲ."

ಆಮೆನ್ ಅನ್ನಲೂ ಇಲ್ಲ. ಪಕ್ಕದಲ್ಲಿ ಮಣ್ಣು ಎತ್ತುತ್ತಿದ್ದ ಯಜಮಾನರು, "ನನಗೇನು?" ಅಂದರು.

"ನಿಮಗಲ್ರಿ," ಅಂದೆ.

ಆವತ್ತು ನನಗೆ ಬೆಳಕೇನೂ ಕಾಣಲಿಲ್ಲ, ಎದೆ ಹಗುರವೂ ಆಗಲಿಲ್ಲ. ಹೊತ್ತ ಕೊಡವನ್ನು ಇನ್ನೊಬ್ಬರು ಇಳಿಸಿಕೊಂಡಾಗ ತಕ್ಷಣ ಸುಖವಾಗುವುದಿಲ್ಲ, ಕುತ್ತಿಗೆ ನೋವು ಆಗಲೇ ಗೊತ್ತಾಗುವುದು. ಹಾಗಿತ್ತು. ಇಳಿಸಿಕೊಂಡವನು ಇದ್ದ ಅನ್ನುವುದು ಮಾತ್ರ ನನಗೆ ಗೊತ್ತಾಯಿತು. ಅದಕ್ಕಿಂತ ಮುಂಚೆ ಹಾಡಿದ್ದೆ, ಓದಿದ್ದೆ, ಒಪ್ಪಿಕೊಂಡಿದ್ದೆ, ಆದರೆ ಗೊತ್ತಿರಲಿಲ್ಲ. ಅವನು ಮೊದಲಿಂದಲೂ ಕೈ ಚಾಚಿಕೊಂಡೇ ನಿಂತಿದ್ದನೇನೋ. ಬಿಡದವಳು ನಾನು.

ಮಹಾನವಮಿಗೆ ತೆರೆದಾಗ ಏನಿತ್ತು ಅಂತ ಕೇಳುತ್ತೀರಿ. ಮುತ್ತು ಇರಲಿಲ್ಲ. ಮೂರರಲ್ಲಿ ಒಂದು ಪಾಲು ಹೋಗಿತ್ತು. ಉಳಿದದ್ದಕ್ಕೂ ಮುಗ್ಗಲು ವಾಸನೆ ಹೊಡೆದಿತ್ತು. ಸುಗ್ಗಿಯ ತನಕ ಎರಡು ಮನೆಯವರೂ ಆ ರೊಟ್ಟಿ ತಿಂದೆವು. ಸಾರವ್ವನ ಕಿರಿಯ ಮಗಳು ಮೂಗು ಹಿಡಿದುಕೊಂಡು ತಿನ್ನುತ್ತಿತ್ತು. ಮಾಘದ ಹೊತ್ತಿಗೆ ಕಾಳು ಸಾಲದೆ ಅಣ್ಣ ಸಿರುಗುಪ್ಪದಿಂದ ನುಚ್ಚಕ್ಕಿ ಕಳಿಸಿದ. ಯಾರೂ ಸಾಯಲಿಲ್ಲ. ನನ್ನ ಪ್ರಾರ್ಥನೆಯಿಂದ ಜೋಳ ಉಳಿಯಿತು ಅಂತ ನಾನು ಹೇಳಲಾರೆ. ಪೂರಾ ಕೆಟ್ಟಿದ್ದರೂ ನಾನು ಹೇಳಿದ ಮಾತು ಹೇಳಿದ್ದೇ. ಆ ಎರಡು ತಿಂಗಳು ಅದನ್ನು ಪರೀಕ್ಷೆ ಮಾಡಲು ಹೋಗಲಿಲ್ಲ. ಹಗೇವಿನ ಮುಂದೆ ದಿನಾ ನೂರು ಸಲ ಓಡಾಡಿದೆ. ಎಷ್ಟೋ ಸಲ ಕೈ ತುರಿಸಿತು. ಪ್ರತಿ ಸಲವೂ, ಹೇಳಿದ್ದೇನಲ್ಲ, ಅಂದುಕೊಂಡು ಮುಂದೆ ಹೋದೆ. ಕೆಲವು ದಿನ ಆ ಒಂದು ಮಾತನ್ನೇ ಇಪ್ಪತ್ತು ಸಲ ಹೇಳಬೇಕಾಯಿತು.

ಮುಚ್ಚಿದ ದಿನ ಸಂಜೆ ಕಾಲು ತೊಳೆದು ಮಲಗಿದವಳಿಗೆ ಎಚ್ಚರವಾದದ್ದು ಬಿಸಿಲು ಬಂದ ಮೇಲೆ. ಬೀಸುಕಲ್ಲಿನ ಸದ್ದು ಕೇಳಿ ಎದ್ದೆ. ಅತ್ತೆ ಬೀಸುತ್ತ ಕೂತಿದ್ದರು. ನನಗೆ ನಾಚಿಕೆಯಾಗಿ ಅವರ ಎದುರಿಗೆ ಕೂತು ಗೂಟ ಹಿಡಿದೆ. ಇಬ್ಬರೂ ಬೀಸಿದೆವು. ಒಲೆ ಹಚ್ಚಿ ರೊಟ್ಟಿ ಬಡಿದೆ. ಯಜಮಾನರಿಗೆ, ಮಗನಿಗೆ, ಮಗಳಿಗೆ, ಅತ್ತೆಗೆ ಹಾಕಿದೆ. ಬರ ಕಳೆದು ಮೂರು ವರ್ಷವಾದರೂ ನಾನು ಹೊತ್ತಿಗೆ ಅರ್ಧ ರೊಟ್ಟಿಗಿಂತ ಹೆಚ್ಚು ಉಂಡವಳಲ್ಲ. ಮಿಕ್ಕರ್ಧ ನಾಳೆಗಿರಲಿ ಅಂತ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಡುತ್ತಿದ್ದೆ. ಆ ಬೆಳಿಗ್ಗೆ ಒಂದು ರೊಟ್ಟಿ ಪೂರ್ತಿ ತಿಂದೆ. ಅತ್ತೆ ಕಣ್ಣೆತ್ತಿ ನೋಡಿದರು, ಕೆಂಪು ಖಾರದ ಬಟ್ಟಲನ್ನು ನನ್ನ ಕಡೆ ತಳ್ಳಿದರು. ನಾನು ಎರಡನೆಯದಕ್ಕೆ ಕೈ ಹಾಕಿದೆ.